ತಣ್ಣಗಿರುವ ಡ್ರಮ್ಮನ್ನು ಮೊದಲು ಬಿಚ್ಚಿ

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಅಡಿಕೆ ತೋಟ. ಮನೆಯಲ್ಲಿ 13 ಎಚ್‌ಪಿ ಪವರ್ ಟಿಲ್ಲರ್ ಇದೆ. ಅದಕ್ಕೆಂದು ಶಿಕಾರಿಪುರದ ಕಡೆಯ ಭತ್ತದ ರೈತರೊಬ್ಬರಿಂದ ಹಳೆಯ ಟ್ರೇಲರ್ ಕೊಂಡೆ. ಖಾಲಿ ಓಡಿಸಿದಾಗ ಏನೂ ತೊಂದರೆ ಕಾಣಲಿಲ್ಲ. ಗೊಬ್ಬರ ಹೇರಿ ತೋಟಕ್ಕೆ ಇಳಿಸಲು ಹೊರಟಾಗ ಒಂದೊಂದೇ ಗೊತ್ತಾಯಿತು. ಹೊರಡುವಾಗ, ನಿಲ್ಲಿಸುವಾಗ ಕೊಂಡಿಯ ಬಳಿ ಠಣ್ ಎಂದು ಬಡಿಯುತ್ತದೆ. ಬ್ರೇಕ್ ಪೆಡಲ್ ಹೆಚ್ಚುಕಡಿಮೆ ತಳಮುಟ್ಟಿದ ಮೇಲೆ ಸ್ವಲ್ಪ ಹಿಡಿಯುತ್ತದೆ, ಹಿಡಿದಾಗ ಗಾಡಿ ಎಡಕ್ಕೆ ಎಳೆಯುತ್ತದೆ. ಎಡ ಡ್ರಮ್ ಮುಟ್ಟಲಾರದಷ್ಟು ಬಿಸಿ, ಬಲದ್ದು ತಣ್ಣಗೆ. ಇನ್ನೂ ವಿಚಿತ್ರವೆಂದರೆ ಇಳಿಜಾರಿನಲ್ಲಿ ಎಡ ಲಿವರ್ ಒತ್ತಿದರೆ ಟಿಲ್ಲರ್ ಬಲಕ್ಕೆ ಹೋಗುತ್ತದೆ. ಕೊಂಡಿ ವೆಲ್ಡಿಂಗ್ ಮಾಡಿಸಿ, ಬಿಸಿಯಾಗುವ ಎಡಗಡೆಯ ಲೈನರ್ ಬದಲಿಸಿದರೆ ಸಾಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಟ್ರೇಲರ್ ಬಂದ ಊರು. ಶಿಕಾರಿಪುರದ ಗದ್ದೆಬಯಲಿನಲ್ಲಿ ದುಡಿದ ಟ್ರೇಲರ್‌ಗೆ ಬ್ರೇಕ್ ಎಂಬುದು ಹೆಸರಿಗಷ್ಟೇ. ಆಕ್ಸಿಲರೇಟರ್ ಇಳಿಸಿದರೆ ನಾಲ್ಕು ಮಾರು ಮುಂದೆ ಹೋಗಿ ತಾನಾಗಿಯೇ ನಿಲ್ಲುತ್ತದೆ. ಆ ಪೆಡಲ್ ಮೇಲೆ ಯಾರೂ ಸರಿಯಾಗಿ ಕಾಲಿಡದೆ ವರ್ಷಗಳೇ ಕಳೆದಿರಬಹುದು. ಮಾರಿದವರು ನಿಮಗೆ ಮೋಸ ಮಾಡಿದರು ಎಂದು ನಾನು ಹೇಳಲಾರೆ. ಅವರ ನೆಲದಲ್ಲಿ ಈ ದೋಷ ಕಾಣಿಸಿಕೊಳ್ಳುವ ಸಂದರ್ಭವೇ ಬಂದಿರಲಿಕ್ಕಿಲ್ಲ. ಅಂಗಳದಿಂದ ನೇರವಾಗಿ ತೋಟಕ್ಕೆ ಧುಮುಕುವ ನಿಮ್ಮ ದಾರಿಯಲ್ಲಿ ಮಾತ್ರ ಅದು ಬೇರೆಯೇ ಗಾಡಿ.

ಒಂದು ಲೆಕ್ಕ ನೋಡಿ. ಟಿಲ್ಲರ್ ಸುಮಾರು 400 ಕಿಲೋ. ಖಾಲಿ ಟ್ರೇಲರ್ ಕೂಡ ಅಷ್ಟೇ ಎಂದುಕೊಳ್ಳೋಣ. ಮೇಲೆ ಒಂದು ಟನ್ ಗೊಬ್ಬರ. ಒಟ್ಟು 1,800 ಕಿಲೋ. ಹತ್ತು ಅಡಿ ಸಾಗುವಷ್ಟರಲ್ಲಿ ಒಂದಡಿ ಇಳಿಯುವ ದಾರಿಯಲ್ಲಿ ಇದರ ಹತ್ತನೇ ಒಂದು ಪಾಲು, ಅಂದರೆ 180 ಕಿಲೋ ಬಲ, ಗಾಡಿಯನ್ನು ಸದಾ ಕೆಳಕ್ಕೆ ನೂಕುತ್ತಿರುತ್ತದೆ. ಐದಡಿಗೆ ಒಂದಡಿ ಇಳಿಯುವ ದಾರಿಯಾದರೆ 360. ತಾನೇ 400 ಕಿಲೋ ತೂಗುವ ಟಿಲ್ಲರ್, ಮಳೆಗಾಲದ ಜಾರುವ ಜಂಬಿಟ್ಟಿಗೆ ಮಣ್ಣಿನ ಮೇಲೆ ನಿಂತು ಇಷ್ಟನ್ನು ತಡೆಯುವುದು ಆಗದ ಮಾತು. ನೆಲವನ್ನು ಒತ್ತಿ ಹಿಡಿಯುವ ಶಕ್ತಿ ಇರುವುದು ಹೊರೆ ಹೊತ್ತ ಟ್ರೇಲರ್ ಚಕ್ರಗಳಿಗೆ. ಹಿಂದಿನವರು ಎತ್ತಿನ ಗಾಡಿಗೆ ಬಿರಿ ಕಟ್ಟುತ್ತಿದ್ದುದು ಗಾಡಿಯ ಚಕ್ರಕ್ಕೆ, ಎತ್ತಿನ ಕಾಲಿಗಲ್ಲ. ಆದ್ದರಿಂದ ಕೆಳಗಿನ ಕೆಲಸ ಮುಗಿಯುವವರೆಗೆ ಹೊರೆ ಹೇರಿ ತೋಟಕ್ಕೆ ಇಳಿಯಬೇಡಿ. ಗೊಬ್ಬರ ನಾಲ್ಕು ದಿನ ಅಂಗಳದಲ್ಲೇ ಇದ್ದರೆ ಏನೂ ಆಗದು.

ಲಿವರಿನ ವಿಚಿತ್ರವನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ. ನಾನು ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಜೀವಕ್ಕೆ ಎರವಾಗುವುದು ಅದು. ಅದು ನಿಮ್ಮ ಟಿಲ್ಲರ್‌ನ ದೋಷವಲ್ಲ, ಕೊಂಡಿಯ ದೋಷವೂ ಅಲ್ಲ. ಹಿಡಿಯ ಕೆಳಗಿನ ಆ ಎರಡು ಲಿವರ್‌ಗಳು ಚಕ್ರವನ್ನು ತಿರುಗಿಸುವುದಿಲ್ಲ. ಆಯಾ ಬದಿಯ ಚಕ್ರಕ್ಕೂ ಗೇರ್‌ಬಾಕ್ಸಿಗೂ ಇರುವ ಸಂಬಂಧವನ್ನು ಕಡಿಯುತ್ತವೆ, ಅಷ್ಟೇ. ಸಮತಟ್ಟು ನೆಲದಲ್ಲಿ ಎಡ ಲಿವರ್ ಒತ್ತಿದರೆ ಎಡ ಚಕ್ರಕ್ಕೆ ಎಂಜಿನ್‌ನ ಬಲ ತಪ್ಪುತ್ತದೆ, ಬಲ ಚಕ್ರ ಮಾತ್ರ ದೂಡುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಇಳಿಜಾರಿನಲ್ಲಿ ಎಂಜಿನ್ ಎಳೆಯುತ್ತಿರುವುದಿಲ್ಲ, ಹಿಂದಿನಿಂದ ನೂಕುವ ಹೊರೆಯನ್ನು ತಡೆಯುತ್ತಿರುತ್ತದೆ. ಆಗ ಎಡ ಲಿವರ್ ಒತ್ತಿದರೆ ಎಡ ಚಕ್ರ ಆ ತಡೆಯಿಂದ ಬಿಡಿಸಿಕೊಂಡು ಮುಂದಕ್ಕೆ ಓಡುತ್ತದೆ, ಬಲದ್ದು ಇನ್ನೂ ತಡೆದುಕೊಂಡೇ ಇರುತ್ತದೆ. ಗಾಡಿ ಬಲಕ್ಕೆ ಹೊರಳದೆ ಇನ್ನೇನು ಮಾಡೀತು?

'ಇಳಿಜಾರಿನಲ್ಲಿ ಉಲ್ಟಾ ಲಿವರ್ ಒತ್ತಬೇಕು' ಎಂದು ಅನುಭವಿಗಳು ಹೇಳಿಕೊಡುತ್ತಾರೆ. ಮಾತು ಸುಳ್ಳಲ್ಲ, ಆದರೆ ನಾನು ಅದನ್ನು ಕಲಿಸುವುದಿಲ್ಲ. ತೋಟದ ದಾರಿ ಒಂದೇ ಸಮನೆ ಇಳಿಯುವುದಿಲ್ಲ. ನಡುವೆ ಎಲ್ಲೋ ಹತ್ತು ಅಡಿ ಸಮತಟ್ಟು ಬರುತ್ತದೆ, ಅಲ್ಲಿ ಲಿವರ್ ಮತ್ತೆ ಸರಿದಿಕ್ಕಿಗೆ ಕೆಲಸ ಮಾಡತೊಡಗುತ್ತದೆ, ಯಾವ ಕ್ಷಣದಲ್ಲಿ ಬದಲಾಯಿತು ಎಂದು ಯೋಚಿಸುವಷ್ಟರಲ್ಲಿ ನೀವು ಅಗಳದಲ್ಲಿರುತ್ತೀರಿ. ಇಳಿಜಾರಿನಲ್ಲಿ ಲಿವರ್ ಮುಟ್ಟದೆ ಹಿಡಿಯನ್ನೇ ಬಲವಾಗಿ ತಿರುವಿ ದಿಕ್ಕು ಬದಲಿಸಿ. ಜೊತೆಗೆ ಟ್ರೇಲರ್ ಬ್ರೇಕನ್ನು ಹದವಾಗಿ ಒತ್ತಿಹಿಡಿಯಿರಿ. ಟ್ರೇಲರ್ ತನ್ನ ಹೊರೆಯನ್ನು ತಾನೇ ತಡೆದುಕೊಂಡರೆ ಟಿಲ್ಲರ್ ಇಳಿಜಾರಿನಲ್ಲೂ ಸ್ವಲ್ಪ ಎಳೆಯುತ್ತಲೇ ಇರುತ್ತದೆ, ಲಿವರ್ ಕೂಡ ನೆಟ್ಟಗೆ ವರ್ತಿಸುತ್ತದೆ. ಅಂದರೆ ನಿಮ್ಮ ಲಿವರ್ ಉಲ್ಟಾ ಆಗುವುದಕ್ಕೂ ಪೆಡಲ್ ತಳಮುಟ್ಟುವುದಕ್ಕೂ ನೇರ ನಂಟಿದೆ. ಬ್ರೇಕ್ ಸರಿಹೋದ ದಿನ ಆ ವಿಚಿತ್ರವೂ ಬಹುಪಾಲು ಮಾಯವಾಗುತ್ತದೆ.

ಇಳಿಯುವ ಮೊದಲೇ, ಮೇಲಿನ ಸಮತಟ್ಟಿನಲ್ಲೇ, ಕಡಿಮೆ ಗೇರಿಗೆ ಹಾಕಿಕೊಳ್ಳಿ. ನಡುದಾರಿಯಲ್ಲಿ ಕ್ಲಚ್ ಬಿಡಿಸುವುದಾಗಲಿ ಗೇರ್ ಬದಲಿಸುವುದಾಗಲಿ ಕೂಡದು. ಇನ್ನೊಂದು, ಇದನ್ನು ಬಹಳ ಮಂದಿ ಮರೆಯುತ್ತಾರೆ: ಎಂಜಿನ್‌ನ ತಡೆ ಚಕ್ರಕ್ಕೆ ತಲುಪುವುದು ವಿ-ಬೆಲ್ಟುಗಳ ಮೂಲಕ. ಬೆಲ್ಟ್ ಸಡಿಲವಾಗಿ ಜಾರುತ್ತಿದ್ದರೆ ಆ ತಡೆಯೂ ಜಾರುತ್ತದೆ. ಬದಲಿಸುವುದಾದರೆ ಇಡೀ ಜೊತೆಯನ್ನು ಬದಲಿಸಿ. ಹಳೆಯದರ ಪಕ್ಕ ಒಂದು ಹೊಸ ಬೆಲ್ಟ್ ಹಾಕಿದರೆ ಭಾರವೆಲ್ಲ ಹೊಸದರ ಮೇಲೆಯೇ ಬೀಳುತ್ತದೆ.

ಈಗ ಕೊಂಡಿಗೆ ಬರೋಣ. ಈ ಗಾಡಿಯಲ್ಲಿ ನೀವು ಕುಳಿತಿರುವುದು ಟ್ರೇಲರ್ ಮೇಲೆ, ಹಿಡಿದಿರುವುದು ಟಿಲ್ಲರನ್ನು. ಕೈ ಒಂದು ಯಂತ್ರದಲ್ಲಿ, ಕಾಲು ಇನ್ನೊಂದರಲ್ಲಿ. ಎರಡರ ನಡುವಿನ ಕೊಂಡಿ ಸಡಿಲವಾದರೆ ಬ್ರೇಕ್ ಒತ್ತಿದೊಡನೆ ಹಿಡಿ ಕೈಯನ್ನು ಜಗ್ಗುತ್ತದೆ. ಜಗ್ಗಿತೆಂದು ಕಾಲು ತಾನಾಗಿ ಸಡಿಲುತ್ತದೆ. ಹಾಗಾಗಿ ಠಣ್ ಎನ್ನುವ ಸದ್ದನ್ನು ಬರೀ ಸದ್ದು ಎಂದು ತಳ್ಳಿಹಾಕಬೇಡಿ.

ಸದ್ದು ಎಲ್ಲಿಂದ ಎಂಬುದನ್ನು ಕಿವಿಯಿಂದ ಹುಡುಕಲಾಗದು. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಟಿಲ್ಲರ್ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಮಣ್ಣು ಉಳುವ ರೋಟರಿ ಬಿಚ್ಚಿದ ಜಾಗದಲ್ಲಿ ಕೂರಿಸಿರುವ ಬ್ರಾಕೆಟ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಸೀಮೆಸುಣ್ಣದಿಂದ ಎರಡಕ್ಕೂ ತಾಗುವಂತೆ ಒಂದು ಅಡ್ಡಗೆರೆ ಎಳೆಯಿರಿ. ಟ್ರೇಲರನ್ನು ಬ್ರಾಕೆಟ್ಟಿಗೆ ಸೇರಿಸುವ ಪಿನ್ನಿನ ಬಳಿ ಇನ್ನೊಂದು. ಟ್ರೇಲರ್ ಮೂಕಿ, ಅಂದರೆ ಮುಂದಕ್ಕೆ ಚಾಚಿದ ಕಂಬ, ಹೊರಳಲೆಂದು ಇರುವ ಬುಶ್ಶಿನ (ಕೊಳವೆಯಂಥ ಒಳಪದರ) ಬಳಿ ಮತ್ತೊಂದು. ಈಗ ಇಬ್ಬರು ಟ್ರೇಲರನ್ನು ಹಿಂದಕ್ಕೂ ಮುಂದಕ್ಕೂ ನೂಕಲಿ, ನೀವು ಬೆರಳನ್ನು ದೂರವಿಟ್ಟು ಗೆರೆಗಳನ್ನು ನೋಡಿ. ಯಾವ ಗೆರೆ ಮುರಿಯುತ್ತದೋ ಸದ್ದು ಅಲ್ಲಿಯದು.

ಗೇರ್‌ಬಾಕ್ಸಿನ ಬಳಿಯ ಗೆರೆ ಮುರಿದರೆ ಉಳಿದದ್ದನ್ನೆಲ್ಲ ಬದಿಗಿಟ್ಟು ಅದನ್ನು ನೋಡಿ. ಸಡಿಲವಾದ ಬೋಲ್ಟು ಪ್ರತಿ ಹೊಡೆತಕ್ಕೂ ಎರಕದ ಕವಚವನ್ನು ಜಜ್ಜುತ್ತದೆ, ಅದು ಬಿರುಕು ಬಿಟ್ಟರೆ ಟ್ರೇಲರ್‌ಗೆ ಕೊಟ್ಟ ಬೆಲೆಯನ್ನು ಮೀರಿದ ಖರ್ಚು. ಬೋಲ್ಟುಗಳನ್ನು ಬಿಚ್ಚಿ, ಮಣ್ಣು ಒರೆಸಿ, ಹೊಸ ಸ್ಪ್ರಿಂಗ್ ವಾಷರ್ ಹಾಕಿ ಬಿಗಿಮಾಡಿ. ಎರಡು ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ಸ್ಪಾನರ್ ಹಾಕಿ ನೋಡಿ.

ಆದರೆ ನನ್ನ ಅನುಮಾನ ಪಿನ್ನಿನ ಮೇಲೆ. ಟ್ರೇಲರ್ ಬೇರೆ ಕಂಪನಿಯ ಟಿಲ್ಲರ್‌ಗೆಂದು ಕಟ್ಟಿದ್ದಾಗಿರಬಹುದು. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ 1967ರಲ್ಲಿ ಮಿತ್ಸುಬಿಷಿಯ ಜೊತೆಗೂಡಿ ಶುರುವಾದದ್ದು, ಕೇರಳದ ಕಾಮ್ಕೋ 1973ರಲ್ಲಿ ಕುಬೋಟಾ ವಿನ್ಯಾಸದೊಂದಿಗೆ ಬಂದದ್ದು. ಎರಡೂ ಜಪಾನಿ ಮೂಲದವೇ ಆದರೂ ಮನೆತನ ಬೇರೆ. ಇದರ ಮೇಲೆ ಊರೂರಿನ ವೆಲ್ಡಿಂಗ್ ಅಂಗಡಿಗಳು ತಮ್ಮ ತಮ್ಮ ಅಳತೆಯಲ್ಲಿ ಕಟ್ಟಿದ ಟ್ರೇಲರ್‌ಗಳು. ಕೊಂಡಿಯ ಎತ್ತರ, ತೂತಿನ ಅಗಲ, ಪಿನ್ನಿನ ದಪ್ಪ ಒಂದಕ್ಕೊಂದು ಹೊಂದುತ್ತವೆ ಎಂದು ನಂಬದೆ ವರ್ನಿಯರ್ ಹಿಡಿದು ಅಳೆಯಿರಿ. ಅರ್ಧ ಮಿ.ಮೀ. ಆಟ ಇರಲೇಬೇಕು, ಇಲ್ಲದಿದ್ದರೆ ಗುಂಡಿಬಿದ್ದ ದಾರಿಯಲ್ಲಿ ಪಿನ್ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಮೂರು ಮಿ.ಮೀ. ಇದ್ದರೆ ಅದೇ ನಿಮ್ಮ ಠಣ್.

ಪಿನ್ ಹೊರತೆಗೆದು ಒರೆಸಿ ಉಗುರನ್ನು ಅದರ ಉದ್ದಕ್ಕೂ ಎಳೆಯಿರಿ. ಎಲ್ಲಾದರೂ ಉಗುರು ತಡೆದರೆ ಅಲ್ಲಿ ಸವೆದು ಮೆಟ್ಟಿಲಾಗಿದೆ, ಆ ಪಿನ್ ಗುಜರಿಗೆ. ಮನೆ ಕಟ್ಟುವಾಗ ಉಳಿದ ಕಬ್ಬಿಣದ ಸರಳನ್ನು ತುಂಡರಿಸಿ ಪಿನ್ ಮಾಡಿಕೊಂಡವರನ್ನು ನಾನು ನೋಡಿದ್ದೇನೆ. ಸರಳಿನ ಮೈಮೇಲಿನ ಏಣುಗಳು ತೂತನ್ನು ಅರದಂತೆ ಉಜ್ಜುತ್ತವೆ. ಉದ್ದದ ಬೋಲ್ಟ್ ಹಾಕುವವರೂ ಇದ್ದಾರೆ, ಆದರೆ ಥ್ರೆಡ್ ಇರುವ ಭಾಗ ತೂತಿನೊಳಗೆ ಬಂದರೆ ಅದು ತುಂಡಾಗುವುದು ಅಲ್ಲಿಂದಲೇ. ಲೇತ್ ಅಂಗಡಿಯಲ್ಲಿ ಇಎನ್-8 (ಉಕ್ಕಿನ ಒಂದು ದರ್ಜೆ) ರಾಡ್ ಎಂದು ಕೇಳಿ ತೂತಿಗೆ ಸರಿಯಾಗಿ ಕಡೆಸಿ. ಕೆಳತುದಿಗೆ ಆರ್-ಕ್ಲಿಪ್ ಹಾಕಲು ತೂತು ಕೊರೆಸಿ. ಬೈಂಡಿಂಗ್ ವೈರ್ ಕ್ಲಿಪ್ ಅಲ್ಲ.

ತೂತೇ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಹೊಸ ಪಿನ್ನಿನಿಂದ ಉಪಯೋಗವಿಲ್ಲ. ಇಲ್ಲಿ ನಿಮ್ಮ ಮೆಕ್ಯಾನಿಕ್ ಹೇಳುವ ವೆಲ್ಡಿಂಗ್ ಬರುತ್ತದೆ. ಒಳಗೆ ವೆಲ್ಡಿಂಗ್ ತುಂಬಿ ಗ್ರೈಂಡರ್‌ನಲ್ಲಿ ಕೆತ್ತಿದರೆ ತೂತು ಮತ್ತೆ ಗುಂಡಗಾಗುವುದಿಲ್ಲ, ಮೂರು ತಿಂಗಳಲ್ಲಿ ಸದ್ದು ಮರಳುತ್ತದೆ. ತೂತನ್ನು ದೊಡ್ಡದಾಗಿ ಕೊರೆಸಿ ಒಳಗೆ ಉಕ್ಕಿನ ಬುಶ್ ಕೂರಿಸಿ, ಅದರ ಅಂಚಿಗೆ ವೆಲ್ಡ್ ಮಾಡಿಸಿ. ಮುಂದೆ ಸವೆದರೆ ಬುಶ್ ಬದಲಿಸಿದರಾಯಿತು. ವೆಲ್ಡಿಂಗ್‌ಗೆ ಮುನ್ನ ಟ್ರೇಲರನ್ನು ಟಿಲ್ಲರಿನಿಂದ ಬೇರ್ಪಡಿಸಿ, ಅರ್ಥಿಂಗ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕಚ್ಚಿಸಲು ಹೇಳಿ. ಹಿಂದಿನ ಚಕ್ರಕ್ಕೋ ಟಿಲ್ಲರಿಗೋ ಕಚ್ಚಿಸಿದರೆ ಕರೆಂಟು ಬೇರಿಂಗುಗಳ ಮೂಲಕ ಹರಿದು ಅವುಗಳ ಮೈಯಲ್ಲಿ ಕಲೆ ಬೀಳಿಸುತ್ತದೆ.

ಪಿನ್ನಿನ ಜೊತೆಗೆ ಒಂದು ಸರಪಳಿ ಬೇಕೇ ಬೇಕು. ಪಿನ್ ಹಾರಿದರೆ ದಿಕ್ಕು ತಿರುಗಿಸುವ ಯಂತ್ರ ಒಂದು ಕಡೆ, ಹೊರೆಯೂ ನೀವೂ ಇನ್ನೊಂದು ಕಡೆ. ಮೂಕಿ ನೆಲಕ್ಕೆ ಚುಚ್ಚಿದರೆ ನೀವು ಕುಳಿತಲ್ಲೇ ಕುಳಿತಿರುವುದಿಲ್ಲ. ತಿರುವಿನಲ್ಲಿ ಬಿಗಿಯಾಗದಷ್ಟು ಸಡಿಲ ಬಿಟ್ಟು, ಮೂಕಿಯ ಅಡಿಯಲ್ಲಿ ಹಾಯಿಸಿ ಕಟ್ಟಿ. ಹೊರೆ ಹೇರುವಾಗ ಅಚ್ಚಿಗಿಂತ ತುಸು ಮುಂದಕ್ಕೆ ಭಾರ ಬರಲಿ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಟಿಲ್ಲರಿನ ಮೂತಿ ಬಗ್ಗಿ ಅದರ ಚಕ್ರ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಅತಿ ಮುಂಭಾರವಾದರೆ ಎಂಜಿನ್ ಮೇಲೇಳುತ್ತದೆ. ಗಾಡಿ ಹೊಡೆದ ಹಳಬರಿಗೆ ಇದನ್ನು ಹೇಳಬೇಕಾಗಿಲ್ಲ.

ಇನ್ನು ಬ್ರೇಕ್. ಎಡ ಡ್ರಮ್ ಬಿಸಿ, ಅದನ್ನೇ ಬಿಚ್ಚೋಣ ಎನ್ನುವುದು ಸಹಜವಾಗಿ ಬರುವ ಆಲೋಚನೆ. ಆದರೆ ಬ್ರೇಕ್ ಕೆಲಸ ಮಾಡುವುದೇ ಓಟವನ್ನು ಶಾಖವಾಗಿ ಮಾರ್ಪಡಿಸಿ. ಇಳಿಜಾರು ಇಳಿದು ಬಂದ ಡ್ರಮ್ ಬಿಸಿಯಾಗಿದೆ ಎಂದರೆ ಅದು ದುಡಿದಿದೆ. ತಣ್ಣಗಿರುವುದು ಏನೂ ಮಾಡಿಲ್ಲ. ಗಾಡಿ ಎಡಕ್ಕೆ ಎಳೆಯುವುದೂ ಇದನ್ನೇ ಹೇಳುತ್ತದೆ. ಎರಡು ಚಕ್ರಗಳ ಕೆಲಸವನ್ನು ಒಂದೇ ಮಾಡುತ್ತಿದೆ. ಎಡಗಡೆಗೆ ಹೊಸ ಲೈನರ್ ಹಾಕಿದರೆ ಅದು ಇನ್ನಷ್ಟು ಜೋರಾಗಿ ಹಿಡಿಯುತ್ತದೆ, ಗಾಡಿ ಇನ್ನಷ್ಟು ಎಡಕ್ಕೆ ಜಗ್ಗುತ್ತದೆ.

ಒಂದು ಎಚ್ಚರಿಕೆ: ಬ್ರೇಕ್ ಒತ್ತದೆಯೂ ಬಿಸಿಯಾಗುತ್ತಿದ್ದರೆ ವಿಷಯ ಬೇರೆ. ಡ್ರಮ್ ತಣಿದ ಮೇಲೆ ಸಮತಟ್ಟು ದಾರಿಯಲ್ಲಿ ಒಂದು ಕಿ.ಮೀ. ಪೆಡಲ್ ಮುಟ್ಟದೆ ಓಡಿಸಿ ಡ್ರಮ್ ಮೇಲೆ ನಾಲ್ಕು ಹನಿ ನೀರು ಹಾಕಿ. ಚುರ್ ಎಂದರೆ ಎಡಗಡೆಯ ಶೂ, ಅಂದರೆ ಲೈನರ್ ಹೊತ್ತ ಕಮಾನು, ಹಿಂದಕ್ಕೆ ಬರುತ್ತಿಲ್ಲ, ಅದನ್ನು ಒಳಕ್ಕೆ ಎಳೆಯುವ ಸ್ಪ್ರಿಂಗ್ ಸೋತಿದೆ ಅಥವಾ ಹೊರಕ್ಕೆ ತಳ್ಳುವ ಕ್ಯಾಮ್ ತುಕ್ಕುಹಿಡಿದಿದೆ. ಸದ್ದಿಲ್ಲದಿದ್ದರೆ ನೇರವಾಗಿ ಬಲಗಡೆಗೆ ಬನ್ನಿ.

ಟ್ರೇಲರನ್ನು ಟಿಲ್ಲರಿಗೆ ಕಟ್ಟಿಯೇ ಇಟ್ಟು, ಎಡ ಚಕ್ರಕ್ಕೆ ಕಲ್ಲು ಕೊಟ್ಟು, ಬಲಗಡೆ ಜಾಕ್ ಏರಿಸಿ, ಅಚ್ಚಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಕೊಡಿ. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ಕೈಹಾಕಬಾರದು. ಬಿಚ್ಚುವ ಮೊದಲು ಚಕ್ರದ ಮೇಲ್ತುದಿ ಕೆಳತುದಿ ಹಿಡಿದು ಅಲುಗಿಸಿ. ಲಟಕ್ ಎಂದರೆ ಬೇರಿಂಗ್ ಸಡಿಲ. ಬೇರಿಂಗ್ ಆಡಿದರೆ ಡ್ರಮ್ ಓಲಾಡುತ್ತದೆ, ಆಯಿಲ್ ಸೀಲಿನ ತುಟಿ ಹರಿಯುತ್ತದೆ, ಗ್ರೀಸು ಲೈನರಿಗೆ ಇಳಿಯುತ್ತದೆ. ಒಂದೇ ಬದಿ ಹಿಡಿಯುವ ಟ್ರೇಲರ್‌ಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ. ಗ್ರೀಸು ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುತ್ತಾರೆ. ಮೊದಲ ದಿನ ಹಿಡಿಯುತ್ತದೆ, ಎರಡು ಇಳಿತದ ಬಿಸಿಗೆ ಒಳಗಿನ ಗ್ರೀಸು ಮತ್ತೆ ಮೇಲೆ ಬರುತ್ತದೆ. ಅದನ್ನು ಎಸೆಯಿರಿ. ರಿವೆಟ್ಟಿನ ತಲೆ ಲೈನರಿನ ಮಟ್ಟಕ್ಕೆ ಬಂದಿದ್ದರೂ ಎಸೆಯಿರಿ. ಲೈನರ್ ಬದಲಿಸುವುದಾದರೆ ಎರಡೂ ಬದಿಗೆ, ಒಂದೇ ಜಾತಿಯದನ್ನು ಹಾಕಿಸಿ. ಒಳಗಿನ ಕರಿಪುಡಿಯನ್ನು ಬಾಯಿಯಿಂದಲೋ ಗಾಳಿಯ ಪೈಪಿನಿಂದಲೋ ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿ.

ಬೇರಿಂಗ್ ಕೂರಿಸುವಾಗ ಚಕ್ರವನ್ನು ತಿರುಗಿಸುತ್ತಲೇ ನಟ್ಟು ಬಿಗಿಮಾಡಿ, ಚಕ್ರ ಭಾರವಾದದ್ದು ಕೈಗೆ ತಿಳಿದೊಡನೆ ಆರನೇ ಒಂದು ಸುತ್ತಿನಷ್ಟು ಹಿಂದಕ್ಕೆ ಬಿಟ್ಟು ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಬ್ಬಿನ ತುಂಬ ಗ್ರೀಸು ಮೆತ್ತಿದರೆ ಬಿಸಿಗೆ ಹಿಗ್ಗಿ ಅದೇ ಸೀಲನ್ನು ದಾಟುತ್ತದೆ. ಬೇರಿಂಗಿನ ಉರುಳೆಗಳ ನಡುವೆ ತುಂಬಿದರೆ ಸಾಕು.

ಲೈನರ್ ಒಣಗಿ ಚೆನ್ನಾಗಿಯೇ ಇದ್ದರೆ ಕ್ಯಾಮ್ ತಿರುಗುತ್ತಿಲ್ಲ, ಇಲ್ಲವೇ ಪೆಡಲಿನ ಬಲವನ್ನು ಎರಡೂ ಬದಿಗೆ ಹಂಚುವ ನಡುವಿನ ಪಟ್ಟಿ ಮಣ್ಣು ತುಕ್ಕಿನಿಂದ ಕಚ್ಚಿಕೊಂಡಿದೆ. ಒಬ್ಬರು ಪೆಡಲ್ ಒತ್ತಲಿ, ನೀವು ಕೆಳಗೆ ಕುಳಿತು ನೋಡಿ. ಆ ಪಟ್ಟಿಯಿಂದ ಎಡ ಚಕ್ರಕ್ಕೆ ಹೋಗುವ ರಾಡ್ ಚಲಿಸಿ ಬಲದ್ದು ನಿಂತೇ ಇದ್ದರೆ ಉತ್ತರ ಸಿಕ್ಕಿತು.

ಪೆಡಲ್ ತಳಮುಟ್ಟುವ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸ ಕಲಿತ ಹೊಸತರಲ್ಲಿ ಪೆಡಲ್ ಕೆಳಗೆ ಹೋದರೆ ರಾಡ್ ಬಿಗಿಮಾಡಿ ಕಳುಹಿಸುತ್ತಿದ್ದೆ. ಐದು ನಿಮಿಷದ ಕೆಲಸ, ಗಿರಾಕಿಗೂ ಸಂತೋಷ. ಒಂದು ಟ್ರೇಲರ್ ಹೀಗೆ ಮೂರು ಸಲ ಬಂದುಹೋದ ಮೇಲೆ ನಾಲ್ಕನೆಯ ಸಲ ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಬಂತು. ಲೈನರ್ ಸವೆದಷ್ಟೂ ನಾನು ರಾಡ್ ಎಳೆಯುತ್ತ ಹೋಗಿದ್ದೆ. ಕಾಲಿಡುವ ಮೊದಲೇ ಕ್ಯಾಮ್ ಅರ್ಧ ತಿರುಗಿ ನಿಂತಿರುತ್ತಿತ್ತು. ಜೋರಾಗಿ ಒತ್ತಿದ ಒಂದು ದಿನ ಅದು ಪೂರ್ತಿ ಮಗುಚಿ ಶೂಗಳ ನಡುವೆ ಸಿಕ್ಕಿಹಾಕಿಕೊಂಡಿತು, ಚಕ್ರ ಬಿಗಿದುಹೋಯಿತು. ಸಮತಟ್ಟಿನಲ್ಲಿ ಆದದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ.

ಅಂದಿನಿಂದ ನನ್ನ ಕ್ರಮ ಒಂದೇ. ರಾಡುಗಳನ್ನು ಕಳಚಿಟ್ಟು, ಮೊದಲು ಡ್ರಮ್ಮಿನಲ್ಲಿ ಶೂಗಳ ಅಂತರ ಸರಿಮಾಡುತ್ತೇನೆ. ಚಕ್ರ ತಿರುಗಿಸಿದಾಗ ಲೈನರ್ ಸೋಕುವ ಸದ್ದು ಬಂದು, ಅಲ್ಲಿಂದ ಸ್ವಲ್ಪ ಸಡಿಲಿಸಿದರೆ ಮಾಯವಾಗಬೇಕು. ಆಮೇಲೆ ಎರಡೂ ಬದಿಯ ರಾಡುಗಳನ್ನು ಎಳೆತವಿಲ್ಲದೆ ಜೋಡಿಸುತ್ತೇನೆ. ಬ್ರೇಕ್ ಹಿಡಿದ ಸ್ಥಿತಿಯಲ್ಲಿ ರಾಡೂ ಕ್ಯಾಮಿನ ಲಿವರೂ ಒಂದಕ್ಕೊಂದು ಲಂಬ ಕೋನದಲ್ಲಿ, ಮೂಲೆಮಟ್ಟ ಹಿಡಿದಂತೆ ಇರಬೇಕು. ಪೆಡಲಿಗೆ ಕೈಹಾಕುವುದು ಕೊನೆಗೆ.

ಕೀಲುಗಳ ಪಿನ್ನುಗಳನ್ನೂ ನೋಡಿ. ಪೆಡಲಿನಿಂದ ಕ್ಯಾಮಿನವರೆಗೆ ಐದು ಕೀಲು ಇದ್ದು ಒಂದೊಂದರಲ್ಲಿ 1 ಮಿ.ಮೀ. ಸವೆತ ಇದ್ದರೆ 5 ಮಿ.ಮೀ. ಆಯಿತು. ಪೆಡಲ್ ಐದು ಪಟ್ಟು ಸನ್ನೆಯದಾದರೆ ನಿಮ್ಮ ಕಾಲು 25 ಮಿ.ಮೀ., ಒಂದು ಅಂಗುಲ, ಸುಮ್ಮನೆ ಇಳಿಯುತ್ತದೆ. ಆ ಐದು ಪಿನ್ನುಗಳೇ ಈ ಇಡೀ ರಿಪೇರಿಯಲ್ಲಿ ಅತ್ಯಂತ ಅಗ್ಗದ ಸಾಮಾನು.

ಹೊಸ ಲೈನರ್ ಡ್ರಮ್ಮಿಗೆ ಪೂರ್ತಿ ಕೂರಲು ಸಮಯ ಬೇಕು. ಮೊದಲ ದಿನಗಳಲ್ಲಿ ಖಾಲಿ ಗಾಡಿಯಲ್ಲಿ ಆಗಾಗ ಮೆಲ್ಲಗೆ ಒತ್ತಿ, ತಣಿಯಲು ಬಿಡಿ. ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರಿರುತ್ತದೆ, ಪೆಡಲ್ ಹಗುರಾಗಿ ಒತ್ತಿಕೊಂಡೇ ಹತ್ತಿಪ್ಪತ್ತು ಮಾರು ಓಡಿಸಿ ಒಣಗಿಸಿಕೊಳ್ಳಿ. ಮಳೆಗಾಲದಲ್ಲಿ ರಾತ್ರಿ ಬ್ರೇಕ್ ಒತ್ತಿಟ್ಟು ನಿಲ್ಲಿಸಬೇಡಿ. ನಿಮ್ಮ ಊರಿನ ಮಳೆಗೆ ವಾರದೊಳಗೆ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಮಣ್ಣಿನ ಸಮತಟ್ಟು ದಾರಿಯಲ್ಲಿ ಖಾಲಿ ಟ್ರೇಲರನ್ನು ನಡಿಗೆಯ ವೇಗದಲ್ಲಿ ಓಡಿಸಿ, ಪೆಡಲನ್ನು ಒಮ್ಮೆಗೆ ಒತ್ತಿ ನಿಲ್ಲಿಸಿ, ಇಳಿದು ಹಿಂದೆ ನೋಡಿ. ಎರಡೂ ಚಕ್ರ ಮಣ್ಣಿನಲ್ಲಿ ಎಳೆದ ಗೀರು ಒಂದೇ ಉದ್ದ ಇರಬೇಕು. ಒಂದು ಗೇಣು ಹೆಚ್ಚುಕಡಿಮೆ ಇದ್ದರೂ ಹಿಂತಿರುಗಿ, ಗೀರು ಚಿಕ್ಕದಾದ ಬದಿಯನ್ನು ಮತ್ತೆ ಹೊಂದಿಸಿ. ಸಮವಾದ ಮೇಲೆ ಅರ್ಧ ಹೊರೆ ಹೇರಿ ಅದೇ ಸಮತಟ್ಟಿನಲ್ಲಿ ನೋಡಿ. ನಂತರ ತೋಟದ ದಾರಿಯ ಮೊದಲ ಇಳಿಜಾರಿಗೆ ಹೋಗಿ, ಮೇಲಿನ ಹತ್ತು ಅಡಿಯಲ್ಲೇ ನಿಲ್ಲಿಸಿ ನೋಡಿ. ಅಲ್ಲಿ ಹಿಡಿಯದಿದ್ದರೆ ಕಲ್ಲು ಕೊಡಲು ಒಬ್ಬರು ಪಕ್ಕದಲ್ಲಿ ನಡೆದುಬರಲಿ, ಟ್ರೇಲರ್ ಮೇಲೆ ಮಾತ್ರ ನಿಮ್ಮನ್ನು ಬಿಟ್ಟು ಯಾರೂ ಕೂರುವುದು ಬೇಡ.